ಸುತ್ತು ದೀಪದ ಲೆಕ್ಕ: ಮೂರು ಲೋಟಗಳು

“ಕದ್ದಿದ್ದಾಳೆ ಅಂತ ಹೇಳೋ ಮೊದಲು, ಕದಿಯೋದು ಅಂದ್ರೆ ಏನು ಅಂತ ನಾವು ತೀರ್ಮಾನ ಮಾಡ್ಕೋಬೇಕಲ್ವಾ ಮೇಡಂ?” ಎಂದರು ಮುಖ್ಯ ಪರೀಕ್ಷಕರು.

ಇನ್‌ಸ್ಪೆಕ್ಟರ್ ಪೆನ್ನನ್ನು ಮೇಜಿನ ಮೇಲಿಟ್ಟಳು. ಎಸೆಯಬೇಕೆನ್ನಿಸಿತ್ತು, ಇಟ್ಟಳು.

“ಕದ್ದಿದ್ದಾಳೆ ಅಂದೋಳು ನಾನಲ್ಲ ಸರ್. ದೂರು ಕೊಟ್ಟೋರು ನೀವು.”

“ಕೊಟ್ಟಿದ್ದೀನಿ. ಯಾವ ಅರ್ಥದಲ್ಲಿ ಕೊಟ್ಟಿದ್ದೀನಿ ಅನ್ನೋದು ಬೇರೆ ಪ್ರಶ್ನೆ.”

ನಿನ್ನೆಯಿಂದ ಇದೇ ಗೋಳು. ಯಾರನ್ನು ನೋಡಿದಿರಿ ಎಂದರೆ, ನೋಡುವುದು ಅಂದರೆ ಪೂರ್ತಿ ನೋಡುವುದೋ ಭಾಗಶಃವೋ ಎಂದು ಕೇಳುತ್ತಾರೆ. ಯಾವಾಗ ಬಂದಿರಿ ಎಂದರೆ, ಎಲ್ಲಿಗೆ ಎಂದು ಕೇಳುತ್ತಾರೆ. ಜೇಬುಗಳ್ಳರು, ಮನೆ ಮುರಿಯುವವರು, ಗಂಡನ ಮೇಲೆ ದೂರು ಕೊಟ್ಟು ಮಧ್ಯಾಹ್ನ ವಾಪಸ್ ತೆಗೆದುಕೊಳ್ಳುವವರು, ಎಲ್ಲರನ್ನೂ ಸಂಭಾಳಿಸಿದವಳು ಆಕೆ. ಗಣಿತದವರನ್ನು ಮಾತ್ರ ಯಾವ ದೇವರೂ ಯಾವ ಪೊಲೀಸಿಗೂ ಕೊಡಬಾರದು. ಮನಸ್ಸಿನಲ್ಲೇ ಆಕೆ ಈ ಪರೀಕ್ಷಕರಿಗೆ ‘ಹಾಗಂದ್ರೆ ಸಾಹೇಬರು’ ಎಂದು ಹೆಸರಿಟ್ಟಿದ್ದಳು.

ರಜೆಯ ದಿನ ಆಕೆಯನ್ನು ಎಳೆತಂದದ್ದಕ್ಕೆ ಕಾರಣ ಒಂದೇ. ದೇಶ ದೇಶಗಳಿಂದ ಶಾಲಾ ಮಕ್ಕಳು ಬಂದು ಬರೆಯುವ ಈ ಗಣಿತ ಸ್ಪರ್ಧೆಯಲ್ಲಿ ಕಳ್ಳಿ ಎನ್ನಿಸಿಕೊಂಡ ಹುಡುಗಿಯ ಭಾಷೆ ಈ ಊರಿನ ಪೊಲೀಸರಲ್ಲಿ ಬರುತ್ತಿದ್ದದ್ದು ಆಕೆಗೊಬ್ಬಳಿಗೇ. ಆಕೆಯ ಅಜ್ಜಿ ತಾತ ಆಡುತ್ತಿದ್ದ ಭಾಷೆ. ಹಾಗಂದ್ರೆ ಸಾಹೇಬರೂ ಮೂಲದಲ್ಲಿ ಆ ಕಡೆಯವರೇ. ಬಿಟ್ಟು ಬಂದು ಬಹಳ ಕಾಲವಾಯಿತು ಎಂದಿದ್ದರು. ಆಕೆ ಬಹಳ ಕಾಲ ಅಂದರೆ ಎಷ್ಟು ಎಂದು ಕೇಳಿದಾಗ, ಅದೊಂದಕ್ಕೆ ಮಾತ್ರ ವಿವರಣೆ ಕೊಡದೆ ಕಿಟಕಿಯ ಪರದೆ ಸರಿಸಿದ್ದರು.

ದೂರು ಹೀಗಿತ್ತು. ಮೂರನೆಯ ಲೆಕ್ಕ ದೀಪಗಳದ್ದು. ಒಂದು ಸಾಲಿನಲ್ಲಿ ಒಂದಷ್ಟು ದೀಪಗಳಿವೆ, ಕೆಲವು ಉರಿಯುತ್ತಿವೆ, ಕೆಲವು ಇಲ್ಲ. ಯಾವುದಾದರೂ ದೀಪದ ಗುಂಡಿ ಒತ್ತಿದರೆ ಅದೂ ಅದರ ಅಕ್ಕಪಕ್ಕದವೂ ಬದಲಾಗುತ್ತವೆ: ಉರಿಯುತ್ತಿದ್ದದ್ದು ಆರುತ್ತದೆ, ಆರಿದ್ದು ಉರಿಯುತ್ತದೆ. ಎಷ್ಟು ದೀಪಗಳಿದ್ದರೆ ಯಾವಾಗಲೂ ಎಲ್ಲವನ್ನೂ ಆರಿಸಿಬಿಡಬಹುದು?

ಮಕ್ಕಳೆಲ್ಲ ಸಾಲಿನ ದೀಪಕ್ಕೆ ಉತ್ತರ ಬರೆದಿದ್ದರು. ಈ ಹುಡುಗಿ ಒಬ್ಬಳು ಸುತ್ತಾಗಿ ಇಟ್ಟ ದೀಪಗಳಿಗೆ ಬರೆದಿದ್ದಳು.

ತೊಂದರೆಯೇನೆಂದರೆ, ಸುತ್ತು ದೀಪದ ಲೆಕ್ಕ ನಿಜವಾಗಿಯೂ ಇತ್ತು. ಊರಾಚೆಯ ಅತಿಥಿಗೃಹದಲ್ಲಿ ಎಲ್ಲ ತಂಡಗಳ ಮೇಷ್ಟ್ರುಗಳನ್ನೂ ಫೋನ್ ಕಿತ್ತುಕೊಂಡು ಕೂಡಿಹಾಕುತ್ತಾರೆ. ಅವರು ಮೊದಲೇ ಪ್ರಶ್ನೆ ನೋಡಿ, ತಮ್ಮ ತಮ್ಮ ಭಾಷೆಗೆ ಇಳಿಸಿ, ತಮ್ಮ ಮಕ್ಕಳ ಲಕೋಟೆಗೆ ತಾವೇ ತುಂಬಬೇಕು. ಅಲ್ಲಿ ಮೊದಲು ಕೊಟ್ಟದ್ದು ಸುತ್ತು ದೀಪ. ಎಲ್ಲೋ ಹಿಂದೆ ಬಂದ ಲೆಕ್ಕದ ಹಾಗಿದೆ ಎಂದು ಯಾರೋ ತಕರಾರು ಎತ್ತಿದ ಮೇಲೆ, ಕೊನೇ ಗಳಿಗೆಯಲ್ಲಿ ಅದನ್ನು ಸಾಲು ಮಾಡಿದ್ದರು. ಹಳೆಯ ಹಾಳೆಗಳನ್ನೆಲ್ಲ ಚೀಲಕ್ಕೆ ತುಂಬಿ ನಾಶ ಮಾಡಬೇಕೆಂದು ಅಪ್ಪಣೆಯಾಗಿತ್ತು.

ಹಾಗಾಗಿ ಸುತ್ತು ದೀಪದ ವಿಷಯ ಹೊರಗಿನವರಿಗೆ ಗೊತ್ತಾಗಲು ಸಾಧ್ಯವಿಲ್ಲ. ಹುಡುಗಿಗೆ ಗೊತ್ತಾಗಿದೆ. ಆ ತಂಡದ ಮೇಷ್ಟ್ರು ಬೇರೆ ಯಾರೂ ಅಲ್ಲ, ಹುಡುಗಿಯ ಸೋದರಮಾವ. ಮಾವ ಹೇಗೋ ಹೇಳಿಕೊಟ್ಟ, ಹುಡುಗಿ ಬಾಯಿಪಾಠ ಮಾಡಿದಳು, ಎದುರಿನ ಪ್ರಶ್ನೆ ಬದಲಾದದ್ದನ್ನು ಗಮನಿಸದೆ ಕಕ್ಕಿದಳು. ಸಂಜೆಯ ಸಭೆಯಲ್ಲಿ ಎಲ್ಲ ದೇಶದವರ ಮುಂದೆ ಅವಳನ್ನು ನಿಲ್ಲಿಸಿ, ಹೆಸರು ಹೊಡೆದುಹಾಕಿ, ಇನ್ನೆಂದೂ ಯಾವ ಸ್ಪರ್ಧೆಗೂ ಬರದ ಹಾಗೆ ಮಾಡುವುದೆಂದು ಹಾಗಂದ್ರೆ ಸಾಹೇಬರು ಆಗಲೇ ನಿರ್ಧರಿಸಿಯಾಗಿತ್ತು.

ಫೋನು ಗುರ್ ಎಂದಿತು. ಗಂಡ. ಮಗಳ ಒಂದು ಶೂ ಸಿಗುತ್ತಿಲ್ಲವಂತೆ.

“ಒಂದಿದೆಯಲ್ಲ, ಇನ್ನೊಂದು ಅಲ್ಲೇ ಇರತ್ತೆ ನೋಡ್ರಿ.”

ಹಾಗೇನೂ ಇರಬೇಕಾಗಿಲ್ಲ ಎಂದು ಎದುರು ಕುರ್ಚಿಯಿಂದ ಹಾಗಂದ್ರೆ ಸಾಹೇಬರು ಮೆಲ್ಲಗೆ ಹೇಳಿದರು. ಆಕೆ ಫೋನು ಹಿಡಿದುಕೊಂಡೇ ಎದ್ದು ಹೊರಗೆ ಬಂದಳು.

ಪಕ್ಕದ ದೊಡ್ಡ ಹಾಲಿನಲ್ಲಿ ಅಂಕದ ಚೌಕಾಸಿ ನಡೆದಿತ್ತು. ಆಕೆಗೆ ಈ ಪದ್ಧತಿ ನಿನ್ನೆಯಷ್ಟೇ ಗೊತ್ತಾದದ್ದು. ಇಲ್ಲಿ ಪರೀಕ್ಷಕರು ಸುಮ್ಮನೆ ಅಂಕ ಕೊಡುವುದಿಲ್ಲ. ಮೇಜಿನ ಆ ಕಡೆ ಅವರು, ಈ ಕಡೆ ತಂಡದ ಮೇಷ್ಟ್ರು. ನಮ್ಮ ಹುಡುಗನ ಈ ಗೆರೆಗೆ ಒಂದಂಕ ಕೊಡಿ ಎಂದು ಇವರು, ಆ ಗೆರೆಯಲ್ಲಿ ಏನಿದೆ ತೋರಿಸಿ ಎಂದು ಅವರು. ಒಂದೊಂದಂಕಕ್ಕೂ ಸೊಪ್ಪಿನ ಕಟ್ಟಿಗೆ ಜಗ್ಗಾಡಿದ ಹಾಗೆ ಜಗ್ಗಾಟ. ಅದಕ್ಕೇ ಇಲ್ಲಿ ರಫ್ ಹಾಳೆಯನ್ನೂ ಮಕ್ಕಳಿಂದ ತೆಗೆದುಕೊಳ್ಳುತ್ತಾರೆ. ಉತ್ತರ ತಪ್ಪಾದರೂ ರಫ್‌ನಲ್ಲಿ ಎಲ್ಲೋ ಒಂದು ಒಳ್ಳೆಯ ಯೋಚನೆ ಮಿಂಚಿದ್ದರೆ ಅದಕ್ಕೂ ಬೆಲೆ.

ಮಗಳು ತನ್ನ ರಫ್ ಪುಸ್ತಕದಲ್ಲಿ ಬೆಕ್ಕಿನ ಚಿತ್ರ ಬಿಡಿಸುತ್ತಾಳೆ ಎಂದು ಆಕೆಗೆ ನೆನಪಾಯಿತು. ಶೂ ಬಚ್ಚಲ ಹಿಂದೆ ಇರಬಹುದು ಎಂದು ಹೇಳಿ ಫೋನಿಟ್ಟಳು.

ಹುಡುಗಿಯನ್ನು ಬೆಳಿಗ್ಗೆ ಮಾತಾಡಿಸಿಯಾಗಿತ್ತು. ಸಣಕಲು, ಎರಡು ಜಡೆ, ತೊಡೆಯ ಮೇಲೆ ಕಂಪಾಸ್ ಬಾಕ್ಸ್. ಪೆನ್ಸಿಲ್‌ಗಳನ್ನು ಉದ್ದದ ಪ್ರಕಾರ ಜೋಡಿಸಿದ್ದಳು. ರಬ್ಬರಿಗೆ ಕಾಗದದ ಅಂಗಿ ತೊಡಿಸಿದ್ದಳು. ಪ್ರಶ್ನೆಯ ಹಾಳೆಯನ್ನು ಮಕ್ಕಳು ಮನೆಗೆ ಒಯ್ಯಬಹುದು. ನಿನ್ನದೆಲ್ಲಿ ಎಂದರೆ ಕಳೆದುಹೋಯಿತು ಎಂದಳು. ಮಾವ ಮೊದಲೇ ಲೆಕ್ಕ ಹೇಳಿಕೊಟ್ಟಿದ್ದನಾ ಎಂದರೆ ಇಲ್ಲ ಎಂದಳು. ಮತ್ತೆ ಸುತ್ತು ದೀಪ ಎಲ್ಲಿಂದ ಬಂತು ಎಂದರೆ ನೆಲ ನೋಡಿದಳು. ಎಷ್ಟು ಕೇಳಿದರೂ ನೆಲವೇ.

ಪಕ್ಕದಲ್ಲೇ ಅತ್ತೆ ಕೂತಿದ್ದರು, ಅಂದರೆ ಮೇಷ್ಟ್ರ ಹೆಂಡತಿ. ಆಕೆಯೂ ಗಣಿತದ ಟೀಚರು, ಅತಿಥಿಗೃಹದಲ್ಲಿ ಗಂಡನ ಜೊತೆಗಿದ್ದು ಅನುವಾದ ಟೈಪ್ ಮಾಡಿದವರು. ಹುಡುಗಿಯ ಅಮ್ಮ ದೂರದ ಊರಿನಲ್ಲಿ ನರ್ಸು, ಸಾಕಿ ಬೆಳೆಸಿದ್ದೆಲ್ಲ ತಾವೇ ಎಂದರು. ಮಾತಿನ ನಡುವೆ ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿ ಹುಡುಗಿಗೆ ಕುಡಿಸಿದರು, ಜಡೆಯ ರಿಬ್ಬನ್ ಸರಿಮಾಡಿದರು, ಇನ್‌ಸ್ಪೆಕ್ಟರಿಗೂ ಒಂದು ಲೋಟ ಕೊಟ್ಟು ನಿಮಗೆ ನಿದ್ದೆ ಸಾಲದು ಎಂದರು. ನಿಜವೇ ಆಗಿತ್ತು. ಇಡೀ ಕಟ್ಟಡದಲ್ಲಿ ಮನುಷ್ಯರ ಹಾಗೆ ಮಾತಾಡುವವರು ಇವರೊಬ್ಬರೇ ಎಂದು ಆಕೆಗೆ ಅನ್ನಿಸಿತ್ತು.

ಇನ್‌ಸ್ಪೆಕ್ಟರ್ ವಾಪಸ್ ಒಳಗೆ ಹೋಗಿ, ಹುಡುಗಿಯ ರಫ್ ಹಾಳೆಗಳನ್ನು ಕೊಡಿ ಎಂದಳು.

ಅದರ ಅಗತ್ಯ ಬೀಳಲಿಲ್ಲ, ತೆರೆದೇ ಇಲ್ಲ ಎಂದರು ಸಾಹೇಬರು.

“ಬೇರೆ ಮಕ್ಕಳದ್ದು ಎಲ್ಲಾ ಓದಿದ್ದೀರಿ.”

“ಓದೋದು ಅಂದ್ರೆ...”

“ಸರ್. ಹಾಳೆ.”

ಕಟ್ಟು ಬಂತು. ಆಕೆಗೆ ಗಣಿತ ಅಷ್ಟಕ್ಕಷ್ಟೇ. ಆದರೆ ಅದರಲ್ಲಿದ್ದದ್ದು ಯಾರಿಗಾದರೂ ಅರ್ಥವಾಗುವಂಥದ್ದು. ಮೊದಲ ಪುಟದಲ್ಲಿ ಮೂರು ಸೊನ್ನೆ, ತ್ರಿಕೋನದಂತೆ ಸುತ್ತಾಗಿ. ಪಕ್ಕದಲ್ಲಿ ‘ಆಗಲ್ಲ’. ಆಮೇಲೆ ನಾಲ್ಕರ ಸುತ್ತು, ‘ಆಗತ್ತೆ’. ಐದರ ಸುತ್ತು, ಗೀಚಾಟ, ‘ಆಗತ್ತೆ’. ‘ಹಾಗಾದ್ರೆ ಮೂರೊಂದೇ ಕೆಟ್ಟದ್ದಾ?’ ಎಂದು ಒಂದು ಸಾಲು. ಆರರ ಸುತ್ತು ಬಂದ ಮೇಲೆ ಆ ಸಾಲಿಗೆ ಅಡ್ಡಗೆರೆ. ಗೆರೆಯ ತುದಿಯಲ್ಲಿ, ಪೆನ್ಸಿಲ್ ಮುರಿಯುವಷ್ಟು ಒತ್ತಿ ಬರೆದ ಒಂದೇ ಅಕ್ಷರ: ಥೂ.

ಆಕೆ ಅದನ್ನು ಮತ್ತೆ ನೋಡಿದಳು.

ಬಾಯಿಪಾಠ ಮಾಡಿಕೊಂಡು ಬಂದವರು ಥೂ ಎಂದು ಯಾಕೆ ಬರೆಯುತ್ತಾರೆ?

ಸಾಹೇಬರ ಮೇಜಿನ ಮೇಲೆ ಮೂರು ನೀರಿನ ಲೋಟಗಳಿದ್ದವು. ಆಕೆ ನೀರನ್ನು ಹೂಕುಂಡಕ್ಕೆ ಸುರಿದು, ಅವನ್ನು ಸಾಲಾಗಿ ಇಟ್ಟಳು. ನೆಟ್ಟಗಿದ್ದರೆ ಉರಿಯುವ ದೀಪ, ಬೋರಲಾದರೆ ಆರಿದ್ದು. ಮೊದಲನೆಯದನ್ನು ಮಾತ್ರ ನೆಟ್ಟಗೆ ನಿಲ್ಲಿಸಿದಳು. ನಡುವಿನದನ್ನು ಒತ್ತಿದ ಹಾಗೆ ಮೂರನ್ನೂ ತಿರುಗಿಸಿದಳು. ಆಮೇಲೆ ಕೊನೆಯದನ್ನು ಒತ್ತಿದ ಹಾಗೆ ಕೊನೆಯ ಎರಡನ್ನು ತಿರುಗಿಸಿದಳು. ಮೂರೂ ಬೋರಲು. ಸಾಲಿನಲ್ಲಿ ಆಗುತ್ತದೆ.

ಮತ್ತೆ ಒಂದನ್ನು ನೆಟ್ಟಗೆ ಮಾಡಿ, ಈ ಸಲ ತ್ರಿಕೋನವಾಗಿ ಇಟ್ಟಳು. ಸುತ್ತಿನಲ್ಲಿ ಪ್ರತಿಯೊಂದಕ್ಕೂ ಉಳಿದೆರಡು ಅಕ್ಕಪಕ್ಕ. ಯಾವುದನ್ನು ಒತ್ತಿದರೂ ಮೂರೂ ತಿರುಗುತ್ತವೆ. ಒಂದು ನೆಟ್ಟಗಿದ್ದದ್ದು ಎರಡಾಗುತ್ತದೆ, ಎರಡಿದ್ದದ್ದು ಒಂದಾಗುತ್ತದೆ, ಮುಗಿಯುವುದೇ ಇಲ್ಲ. ನಿನ್ನೆಯಿಂದ ತಾನು ಮಾಡುತ್ತಿರುವುದೂ ಇದೇ ಎಂದುಕೊಂಡಳು.

“ಸಣ್ಣದರಿಂದ ಶುರು ಮಾಡೋದು ಈ ಮಕ್ಕಳ ಅಭ್ಯಾಸ ಅಲ್ವಾ ಸರ್? ಎದುರಿಗೆ ‘ಸಾಲು’ ಅಂತ ಇದ್ದಿದ್ರೆ ಇವಳು ಮೂರಕ್ಕೆ ‘ಆಗಲ್ಲ’ ಅಂತ ಬರೀತಾನೇ ಇರ್ಲಿಲ್ಲ. ಬಾಯಿಪಾಠ ಮಾಡಿದ್ರೆ ಇಷ್ಟು ಒದ್ದಾಡ್ತಾ ಇರ್ಲಿಲ್ಲ. ಅವಳ ಹಾಳೆಯಲ್ಲೇ ಸುತ್ತು ಅಂತ ಇತ್ತು. ಅವಳು ಕೇಳಿದ ಲೆಕ್ಕಕ್ಕೆ ಉತ್ತರ ಬರೆದಿದ್ದಾಳೆ. ತಪ್ಪು ಲೆಕ್ಕ ಕೇಳಿದೋರು ನೀವು.”

ಪರೀಕ್ಷೆಯ ಹಾಲಿನಲ್ಲಿ ಮಕ್ಕಳಿಗೆ ಸಿಗುವುದು ಅವರವರ ಭಾಷೆಯ ಹಾಳೆ ಮಾತ್ರ. ಮೇಲ್ವಿಚಾರಕರಿಗೆ ಆ ಲಿಪಿ ಓದಲು ಬರುವುದಿಲ್ಲ. ಹಳೆಯ ಹಾಳೆ ಒಳಗೆ ಬಂದಿದ್ದರೆ ಅಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ.

ಸಾಹೇಬರು ಲೋಟಗಳನ್ನು ಮತ್ತೆ ಸಾಲಾಗಿ ಇಟ್ಟು, ಇದು ಸಾಧ್ಯತೆಯೇ ಹೊರತು ಸಾಧನೆಯಲ್ಲ, ಅಂದರೆ ರುಜುವಾತಲ್ಲ ಎಂದರು. ಸಭೆ ಸಾಧನೆ ಕೇಳುತ್ತದೆ.

ಹಾಗಾದರೆ ಮಾವನನ್ನೇ ಕೇಳೋಣ ಎಂದು ಇನ್‌ಸ್ಪೆಕ್ಟರ್ ಎದ್ದಳು.

ಮೇಷ್ಟ್ರು ಹಾಲಿನ ಹಿಂದಿನ ಖಾಲಿ ತರಗತಿಯಲ್ಲಿ ಕಪ್ಪುಹಲಗೆ ಒರೆಸುತ್ತ ನಿಂತಿದ್ದರು. ಹಲಗೆಯ ಮೇಲೆ ಏನೂ ಇರಲಿಲ್ಲ. ಮೂಲೆಯ ಬೆಂಚಿನಲ್ಲಿ ಅತ್ತೆ, ಅವರ ಪಕ್ಕ ಹುಡುಗಿ, ನಡುವೆ ಫ್ಲಾಸ್ಕು.

“ಮೇಷ್ಟ್ರೇ, ಸುತ್ತಿ ಬಳಸಿ ಕೇಳೋಕೆ ನನಗೆ ಶಕ್ತಿ ಇಲ್ಲ. ನಿಮ್ಮ ಸೊಸೆ ಲಕೋಟೆಗೆ ಹಳೇ ಹಾಳೆ ಹೇಗೆ ಬಂತು?”

ಅವರು ಡಸ್ಟರ್ ಕೆಳಗಿಟ್ಟರು. ಕೈಯೆಲ್ಲ ಸೀಮೆಸುಣ್ಣ.

“ನಾನೇ. ನನ್ನದೇ ತಪ್ಪು.”

“ಅಂದ್ರೆ?” ಎಂದವಳೇ, ತನಗೂ ಸಾಹೇಬರ ರೋಗ ಅಂಟಿತೆಂದು ಆಕೆಗೆ ನಾಚಿಕೆಯಾಯಿತು.

“ಪ್ರಶ್ನೆ ಬದಲಾಯ್ತು. ಹೊಸದನ್ನ ಟೈಪ್ ಮಾಡಿದ್ವಿ. ಸುಸ್ತಾಗಿತ್ತು. ಹಳೇ ಹಾಳೆ ಬಿಸಾಡೋದು ಮರೆತು ಅದನ್ನೇ ತುಂಬಿಬಿಟ್ಟೆ. ಆಮೇಲೆ ಗೊತ್ತಾಯ್ತು, ಹೇಳೋಕೆ ಧೈರ್ಯ ಬರ್ಲಿಲ್ಲ. ಬರ್ಕೊಳ್ಳಿ. ಮಗೂದು ಏನೂ ತಪ್ಪಿಲ್ಲ.”

“ಮಗು ಕಳ್ಳಿ ಅನ್ನಿಸಿಕೊಳ್ತಾ ಇದ್ರೆ ಎರಡು ದಿನ ಸುಮ್ನಿದ್ರಾ ನೀವು?”

ಅವರು ಒಮ್ಮೆ ಹೆಂಡತಿಯ ಕಡೆ ನೋಡಿದರು. ಮತ್ತೆ ಹಲಗೆಯ ಕಡೆ. ಸುಮ್ಮನಿದ್ದೆ ಎಂದರು.

ಆಕೆಗೆ ಬಯ್ಯಬೇಕೆನ್ನಿಸಿತು. ಅದಕ್ಕಿಂತ ಹೆಚ್ಚಾಗಿ ಮನೆಗೆ ಹೋಗಬೇಕೆನ್ನಿಸಿತು. ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಸಾಹೇಬರು, ಹೀಗಾದರೆ ಹುಡುಗಿಯ ಉತ್ತರವನ್ನು ಅವಳಿಗೆ ಕೇಳಿದ ಲೆಕ್ಕದ ಪ್ರಕಾರವೇ ತೂಗಬೇಕಾದೀತು, ಮೇಷ್ಟ್ರನ್ನು ಮಾತ್ರ ಇನ್ನು ಈ ಕೆಲಸಕ್ಕೆ ಹತ್ತಿರ ಸೇರಿಸುವುದಿಲ್ಲ ಎಂದರು. ಸುತ್ತಿನ ಉತ್ತರ ಪೂರ್ತಿ ಸರಿಯಾಗಿದೆ ಎಂದೂ, ಒಲ್ಲದ ಮನಸ್ಸಿನಿಂದ, ಸೇರಿಸಿದರು. ಮೇಷ್ಟ್ರು ತಲೆಯಾಡಿಸಿದರು. ಮೇಲಿದ್ದ ಭಾರ ಇಳಿದವರ ಹಾಗಿದ್ದರು. ಹುಡುಗಿ ಮಾತ್ರ ತಲೆ ಎತ್ತಲಿಲ್ಲ.

ಸಭೆಗೆ ಆಧಾರ ಬೇಕಲ್ಲ ಎಂದು ಇನ್‌ಸ್ಪೆಕ್ಟರ್ ಅದೇ ತಂಡದ ಉಳಿದ ಐವರನ್ನು ಕರೆಸಿ, ಅವರ ಪ್ರಶ್ನೆಯ ಹಾಳೆಗಳನ್ನು ಕೇಳಿದಳು. ಬರಿಯ ಔಪಚಾರಿಕತೆ. ಒಬ್ಬ ಜೇಬಿನಿಂದ ತೆಗೆದ, ಒಬ್ಬ ಚೀಲದಿಂದ. ಇನ್ನೊಬ್ಬ ಅದರಲ್ಲಿ ದೋಣಿ ಮಾಡಿದ್ದ, ಬಿಡಿಸಿ ಕೊಟ್ಟ.

ಆಕೆ ಓದಿದಳು. ಮೊದಲನೆಯದರಲ್ಲಿ ಸಾಲು. ಎರಡನೆಯದರಲ್ಲೂ ಸಾಲು. ದೋಣಿಯಲ್ಲೂ ಸಾಲು. ಐದರಲ್ಲೂ.

ಆ ಐವರನ್ನು ಕಳಿಸಿ, ಸಾಹೇಬರನ್ನು ಒಳಗೆ ಕರೆದು ಬಾಗಿಲು ಹಾಕಿದಳು.

“ಮರೆತು ತುಂಬಿದೆ ಅಂದ್ರಿ. ಮರೆತಿದ್ರೆ ಆರಕ್ಕೆ ಆರೂ ಹಳೇದೇ ಇರ್ಬೇಕಿತ್ತು. ಐದು ಹೊಸದು, ಒಂದು ಹಳೇದು. ಅದೂ ಸರಿಯಾಗಿ ನಿಮ್ಮ ಸೊಸೆಗೆ. ಇದು ಮರೆವಲ್ಲ ಮೇಷ್ಟ್ರೇ.”

ಅವರು ಡಸ್ಟರನ್ನು ಮತ್ತೆ ಕೈಗೆತ್ತಿಕೊಂಡರು.

“ಬೇಕು ಅಂತ ಹಾಕಿದ್ರಾ?”

“ಹೂಂ ಅಂತ ಬರ್ಕೊಳ್ಳಿ.”

“ಯಾಕೆ ಹಾಕಿದ್ರಿ?”

ಅವರು ಉತ್ತರವನ್ನು ಹುಡುಕುತ್ತಿರುವುದು ಮುಖದಲ್ಲೇ ಕಾಣುತ್ತಿತ್ತು. ಲೆಕ್ಕ ಬಾರದ ಹುಡುಗ ಹಲಗೆಯ ಮುಂದೆ ನಿಂತ ಹಾಗೆ.

ಅಷ್ಟರಲ್ಲಿ ಬೆಂಚಿನಿಂದ ಟಕ್ ಎಂದು ಸದ್ದಾಯಿತು. ಹುಡುಗಿ ಕಂಪಾಸ್ ಬಾಕ್ಸ್ ತೆರೆದಿದ್ದಳು. ಪೆನ್ಸಿಲ್‌ಗಳನ್ನು ಒಂದೊಂದಾಗಿ ಬೆಂಚಿನ ಮೇಲಿಟ್ಟು, ತಳದ ಕಾಗದ ಎತ್ತಿ, ನಾಲ್ಕಾಗಿ ಮಡಿಸಿದ ಲಕೋಟೆಯೊಂದನ್ನು ಹೊರತೆಗೆದಳು. ಅದರೊಳಗೆ ಹಾಳೆಯೂ ಇತ್ತು.

“ಸಾಕು ಮಾವ. ನೀನು ಹಾಕಿಲ್ಲ.”

“ಪುಟ್ಟಿ, ಸುಮ್ನಿರು.”

“ಸುಮ್ನೇ ಇದ್ದೆ. ನೀನೇ ಸುಮ್ನಿರ್ಲಿಲ್ಲ.”

ಪ್ರತಿ ಲಕೋಟೆಯನ್ನು ಅಂಟಿಸಿದ ಮೇಲೆ, ಯಾರೂ ಬಿಚ್ಚಬಾರದೆಂದು ಅಂಟಿನ ಮೇಲೆಯೇ ಮೇಷ್ಟ್ರು ಸಹಿ ಮಾಡಬೇಕು. ಹುಡುಗಿ ಆ ಸಹಿಯನ್ನು ತೋರಿಸಿದಳು. ಇನ್‌ಸ್ಪೆಕ್ಟರಿಗೆ ಅದು ಮೇಷ್ಟ್ರ ಹೆಸರಾಗಿಯೇ ಕಂಡಿತು.

“ಹೆಸರು ಮಾವಂದೇ. ಕೊನೇಲಿ ಬಾಲ ಮೇಲಕ್ಕೆ ಹೋಗಿದೆ ನೋಡಿ. ಮಾವಂದು ಕೆಳಕ್ಕೆ ಬರತ್ತೆ.” ಅವಳ ದನಿ ಸಣ್ಣದಾಯಿತು. “ಮಾವ ಯಾವಾಗ್ಲೂ ಪಾಠ, ಶಿಬಿರ ಅಂತ ಹೊರಗಿರ್ತಿದ್ದ. ನನ್ನ ಮಾರ್ಕ್ಸ್ ಕಾರ್ಡಿಗೆ ಮಾವನ ಸಹಿ ಹಾಕ್ತಿದ್ದಿದ್ದು ಅತ್ತೆ. ಒಂದನೇ ಕ್ಲಾಸಿಂದ ನೋಡಿದೀನಿ. ಗಂಟೆ ಹೊಡೆದಾಗ, ಹರಿಯೋ ಮೊದ್ಲೇ ಗೊತ್ತಾಯ್ತು ಇದು ಅತ್ತೆ ಅಂಟಿಸಿದ್ದು ಅಂತ. ಅತ್ತೆ ಅಂಟಿಸಿದ್ರೆ ಏನಾಯ್ತು ಅಂತ ಉತ್ತರ ಬರೆದೆ. ಹೊರಗೆ ಬಂದು ಎಲ್ರೂ ಸಾಲು ಸಾಲು ಅಂದಾಗ...”

ಅವಳು ಲಕೋಟೆಯನ್ನು ಮತ್ತೆ ಮಡಿಸಿದಳು. ಬೆಳಿಗ್ಗೆಯಿಂದ ಅವಳು ನೆಲ ನೋಡಿದ್ದು ಮಾವನನ್ನು ಉಳಿಸಲಿಕ್ಕಲ್ಲ ಎಂದು ಇನ್‌ಸ್ಪೆಕ್ಟರಿಗೆ ಆಗ ತಿಳಿಯಿತು. ಮೇಷ್ಟ್ರು ಉಳಿಸಲು ಹೊರಟದ್ದೂ ಬರೀ ಹುಡುಗಿಯನ್ನಲ್ಲ.

ಅತ್ತೆ ಫ್ಲಾಸ್ಕಿನ ಮುಚ್ಚಳವನ್ನು ತಿರುಗಿಸಿ ಬಿಗಿ ಮಾಡಿದರು. ಹುಡುಗಿಯ ಪೆನ್ಸಿಲ್‌ಗಳನ್ನು ಒಂದೊಂದಾಗಿ ಉದ್ದದ ಪ್ರಕಾರ ಬಾಕ್ಸಿಗೆ ಜೋಡಿಸಿದರು.

“ನಾನೇ ಹಾಕಿದ್ದು,” ಎಂದರು. “ಇವಳು ಗೆಲ್ಲಬಾರದು ಅಂತಾನೇ ಹಾಕಿದ್ದು. ಸೊನ್ನೆ ಬರತ್ತೆ, ಸುಮ್ನೆ ಮನೆಗೆ ಹೋಗ್ತೀವಿ ಅಂದ್ಕೊಂಡಿದ್ದೆ. ಕಳ್ಳಿ ಅಂತಾರೆ ಅಂತ ಗೊತ್ತಿರ್ಲಿಲ್ಲ. ಅದೊಂದು ನನ್ನ ತಪ್ಪು.”

“ನಿಮ್ಮ ಕೈಯಲ್ಲಿ ಬೆಳೆದ ಮಗು,” ಎಂದಳು ಇನ್‌ಸ್ಪೆಕ್ಟರ್.

“ಅದಕ್ಕೇ.”

“ಅಮ್ಮಾ, ನೀವಾದ್ರೂ ನೆಟ್ಟಗೆ ಹೇಳಿ. ನಿನ್ನೆಯಿಂದ ಯಾರೂ ಹೇಳಿಲ್ಲ.”

ಗೋಡೆಯ ಮೇಲೆ ಸ್ಪರ್ಧೆಯ ದೊಡ್ಡ ಪ್ರಕಟಣೆ ಅಂಟಿಸಿತ್ತು. ಮೊದಲ ಸ್ಥಾನಗಳಲ್ಲಿ ಗೆದ್ದ ಮಕ್ಕಳಿಗೆ ಮುಖ್ಯ ಪರೀಕ್ಷಕರೇ ಸ್ವತಃ ನಡೆಸುವ ವಿಶೇಷ ಶಾಲೆಯಲ್ಲಿ ವಾಸ, ವಿದ್ಯೆ, ಎಲ್ಲವೂ ಉಚಿತ ಎಂದಿತ್ತು. ಇನ್‌ಸ್ಪೆಕ್ಟರ್ ಅದನ್ನು ನಿನ್ನೆಯಿಂದ ಹತ್ತಾರು ಸಲ ದಾಟಿಹೋಗಿದ್ದಳು. ಅತ್ತೆ ಅದರ ಕಡೆ ಗಲ್ಲ ಎತ್ತಿ ತೋರಿಸಿದರು.

“ನನ್ನ ತಂಗಿ ಇದೇ ಸ್ಪರ್ಧೆ ಗೆದ್ದಿದ್ಲು. ಆಗ ಇವಳಷ್ಟೇ ಇದ್ಲು, ಹೀಗೇ ಎರಡು ಜಡೆ. ಆ ಶಾಲೆಗೆ ಅಂತ ಕರ್ಕೊಂಡು ಹೋದ್ರು. ವಾಪಸ್ ಬರ್ಲಿಲ್ಲ. ಕಾಗದ ಇಲ್ಲ, ಸುದ್ದಿ ಇಲ್ಲ. ಕರ್ಕೊಂಡು ಹೋಗೋಕೆ ಮನೆಗೆ ಬಂದಿದ್ದೋರು ನಮ್ಮ ಭಾಷೆ ಮಾತಾಡ್ತಿದ್ರು, ಅದಕ್ಕೇ ಅಪ್ಪ ನಂಬಿ ಕಳಿಸಿದ್ದು.” ಅವರು ಬಾಕ್ಸ್ ಮುಚ್ಚಿದರು. “ಇಲ್ಲಿಗೆ ಬಂದು ಮುಖ್ಯ ಪರೀಕ್ಷಕರ ಮುಖ ನೋಡೋ ತನಕ, ಅವತ್ತು ಬಂದಿದ್ದೋರೇ ಇನ್ನೂ ಆ ಶಾಲೆ ನಡೆಸ್ತಿದ್ದಾರೆ ಅಂತ ನನಗೂ ಗೊತ್ತಿರ್ಲಿಲ್ಲ. ಅವರೂ ನನ್ನ ಗುರುತು ಹಿಡಿದ್ರು. ಹಿಡಿದ ಮೇಲೇ ಈ ದೂರು ಬಂದಿದ್ದು. ನನ್ನ ತಂಗಿ ಎಲ್ಲಿದ್ದಾಳೆ ಅಂತ ಕೇಳಿ ಮೇಡಂ. ಅಲ್ಲೇ ನಿಂತಿದ್ದಾರಲ್ಲ.”

ಇನ್‌ಸ್ಪೆಕ್ಟರ್ ತಿರುಗಿದಳು. ಹಾಗಂದ್ರೆ ಸಾಹೇಬರು ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದರು. ಅವರ ಒಂದು ಕೈ ಹಿಂದಿನ ಚಿಲಕದ ಮೇಲಿತ್ತು.

“ಇವರ ತಂಗಿ ಎಲ್ಲಿದ್ದಾಳೆ ಸರ್?”

ಆಕೆ ಕಾದಳು. ಇರುವುದು ಅಂದರೇನು, ತಂಗಿ ಅಂದರೆ ಯಾರು, ಎಲ್ಲಿ ಎಂದರೆ ಯಾವ ಅರ್ಥದಲ್ಲಿ ಎಂದು ಅವರು ಕೇಳುತ್ತಾರೆಂದು ಕಾದಳು. ಕೇಳಲಿ ಎಂದು ಮೊದಲ ಸಲ ಬಯಸಿದಳು.

ಅವರು ಯಾವ ಮಾತಿನ ಅರ್ಥವನ್ನೂ ಕೇಳಲಿಲ್ಲ.